ಮೊದಲ ಸಲ ಅಂಕ ಬೇಡ, ಒಂದು ಪ್ರಶ್ನೆ ಸಾಕು

ತಿದ್ದಿದ ಪ್ರಬಂಧದ ನೋಟ್‌ಬುಕ್ ಕೈಗೆ ಬಂದಾಗ ಮಕ್ಕಳು ಏನು ಮಾಡುತ್ತಾರೆ, ಗಮನಿಸಿದ್ದೀರಾ? ಹತ್ತಕ್ಕೆ ಎಷ್ಟು ಬಂತು ಅಂತ ನೋಡುತ್ತಾರೆ. ಪಕ್ಕದವರಿಗೆ ಎಷ್ಟು ಅಂತ ಇಣುಕುತ್ತಾರೆ. ಬ್ಯಾಗಿಗೆ ಹಾಕುತ್ತಾರೆ. ರಾತ್ರಿ ಕೂತು ಕೆಂಪು ಪೆನ್ನಲ್ಲಿ ನಾವು ಬರೆದಿದ್ದನ್ನು ಓದುವವರು ಕಡಿಮೆ.

ಹೈಸ್ಕೂಲಲ್ಲಿ ಕನ್ನಡ ಪಾಠ ಮಾಡುವ ನಾನೂ ಎಷ್ಟೋ ವರ್ಷ ಹಾಗೇ ತಿದ್ದಿದೆ. ‘ಇನ್ನೂ ಚೆನ್ನಾಗಿ ಬರೆ’ ಅಂತ ಬರೆದು, ಸಹಿ ಹಾಕಿ, ತಾರೀಕು ಹಾಕುತ್ತಿದ್ದೆ. ಚೆನ್ನಾಗಿ ಬರೆಯೋದು ಹೇಗೆ ಅಂತ ಗೊತ್ತಿದ್ದರೆ ಮಗು ಮೊದಲೇ ಬರೆಯುತ್ತಿತ್ತು, ಅಲ್ವಾ?

ಈಗ ಮೊದಲ ಸಲ ಅಂಕ ಕೊಡುವುದಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ. ಮಾರನೇ ದಿನ ತರಗತಿಯಲ್ಲೇ ಮತ್ತೆ ಬರೆಸುತ್ತೇನೆ.

ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ‘ನೀರಿನ ಮಹತ್ವ’ ಬರೆದಿದ್ದಳು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಲ್ಲವೂ ಇತ್ತು. ‘ನೀರು ಸಕಲ ಜೀವರಾಶಿಗಳಿಗೆ ಆಧಾರ’ ಅಂತ ಶುರು. ಗೈಡಿನದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತೆ. ‘ನಿಮ್ಮ ಮನೆಗೆ ನೀರು ಯಾವಾಗ ಬರುತ್ತೆ? ಹಿಡಿಯೋದು ಯಾರು?’ ಅಂತ ಬರೆದು ಕೊಟ್ಟೆ.

ಎರಡನೇ ಸಲ ಅವಳು ಬರೆದಿದ್ದು: ‘ನಮ್ಮ ಬೀದಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಅವತ್ತು ಅಮ್ಮ ಕೂಲಿಗೆ ಹೋಗುವುದಿಲ್ಲ.’ ಓದಿ ಸುಮ್ನೆ ಕೂತುಬಿಟ್ಟೆ. ನೀರಿನ ಬೆಲೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ಗೈಡು ಹೇಳೀತು?

ಅಂಕದ ವಿಷಯ ನನ್ನೊಬ್ಬಳ ಅನಿಸಿಕೆಯಲ್ಲ. ಇಸ್ರೇಲ್‌ನಲ್ಲಿ ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲೇ ಶಾಲಾ ಮಕ್ಕಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದ್ದರು. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಇನ್ನು ಕೆಲವರಿಗೆ ಎರಡೂ. ಬರೀ ಟಿಪ್ಪಣಿ ಸಿಕ್ಕವರ ಕೆಲಸವೂ ಆಸಕ್ತಿಯೂ ಚೆನ್ನಾಗಿತ್ತು. ಎರಡೂ ಸಿಕ್ಕವರಿಗೆ ಟಿಪ್ಪಣಿಯಿಂದ ಅಷ್ಟೇನೂ ಲಾಭವಾಗಲಿಲ್ಲ. ಅಲ್ಲಿ ಕೊಟ್ಟಿದ್ದು ಪ್ರಬಂಧವಲ್ಲ, ಬೇರೆ ಚಟುವಟಿಕೆ. ಆದರೂ ನನ್ನ ಕ್ಲಾಸಲ್ಲಿ ಕಾಣುವುದೂ ಅದೇ.

ಹಾಗಾದರೆ ತಪ್ಪು ತಿದ್ದೋದು ಬೇಡವಾ? ಬೇಕು. ‘ಹಣ್ಣು’ ‘ಅಣ್ಣು’ ಆಗುತ್ತೆ, ‘ಆಸೆ’ ‘ಹಾಸೆ’ ಆಗುತ್ತೆ, ಒತ್ತಕ್ಷರ ಬಿಟ್ಟುಹೋಗುತ್ತೆ. ಆದರೆ ಪುಟ ಪೂರ್ತಿ ಕೆಂಪಾದರೆ ಮಗು ತನಗೆ ಗೊತ್ತಿರುವ ಪದ ಬಿಟ್ಟು ಬೇರೇನೂ ಬರೆಯಲ್ಲ. ಅದಕ್ಕೇ ಎರಡನೇ ಸಲ ಬರೆದಾದ ಮೇಲೆ, ತಪ್ಪಿರುವ ಸಾಲಿನ ಪಕ್ಕ ಒಂದು ಚುಕ್ಕೆ ಇಡುತ್ತೇನೆ. ತಪ್ಪು ಎಲ್ಲಿದೆ ಅಂತ ಅವರೇ ಹುಡುಕುತ್ತಾರೆ. ಜೋರಾಗಿ ಓದಿಕೊಂಡರೆ ಅರ್ಧ ಅಲ್ಲೇ ಸಿಗುತ್ತೆ.

‘ಪರೀಕ್ಷೇಲಿ ಎರಡು ಸಲ ಬರೆಯೋಕೆ ಬಿಡ್ತಾರಾ ಮೇಡಂ?’ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಬಿಡಲ್ಲ. ಆದರೆ ವರ್ಷವಿಡೀ ನನ್ನ ಅಂಚಿನ ಪ್ರಶ್ನೆ ಕೇಳಿಸಿಕೊಂಡ ಮಗು ಪರೀಕ್ಷೆಯಲ್ಲಿ ಅದನ್ನು ತಾನೇ ಕೇಳಿಕೊಳ್ಳುತ್ತೆ.

ಸಮಯದ ಕಷ್ಟ ಮಾತ್ರ ನಿಜ. 50 ಮಕ್ಕಳು, ಒಬ್ಬರಿಗೆ ಐದು ನಿಮಿಷ ಅಂದರೂ ನಾಲ್ಕು ಗಂಟೆ ದಾಟುತ್ತೆ. ಪೋರ್ಷನ್ ಬೇರೆ ಮುಗಿಸಬೇಕು. ಅದಕ್ಕೆ ವರ್ಷಕ್ಕೆ ಹತ್ತು ಪ್ರಬಂಧ ಬರೆಸುತ್ತಿದ್ದವಳು ಐದಕ್ಕೆ ಇಳಿಸಿದೆ. ಐದನ್ನೂ ಎರಡೆರಡು ಸಲ ಬರೆಸುತ್ತೇನೆ. ಮೊನ್ನೆ ಅದೇ ಹುಡುಗಿ ನೋಟ್‌ಬುಕ್ ಕೊಡುತ್ತಾ, ‘ಮಿಸ್, ಈ ಸಲ ಎರಡು ಪ್ರಶ್ನೆ ಬರೀರಿ’ ಅಂದಳು.