ಹೊರಚಡ್ಡಿಯ ವೀರನೂ 500 ರೂಪಾಯಿ ದಂಡವೂ

ಹೆಲ್ಮೆಟ್ ಧರಿಸದ್ದಕ್ಕೆ 500 ರೂಪಾಯಿ ದಂಡ ಕಟ್ಟಬೇಕೆಂದು ಮೊಬೈಲಿಗೆ ಸಂದೇಶ ಬಂತು. ಜೊತೆಗೆ ಫೋಟೋ. ಮಗಳ ಮದುವೆಯ ಆಲ್ಬಮ್ಮಿನಲ್ಲೂ ನಾನು ಇಷ್ಟು ಸ್ಪಷ್ಟವಾಗಿ ಬಿದ್ದಿರಲಿಲ್ಲ. ಹೆಲ್ಮೆಟ್ ಸ್ಕೂಟರಿನ ಕನ್ನಡಿಗೆ ತೂಗುಬಿದ್ದಿದೆ. ತಲೆಯ ಮೇಲೆ ಉಳಿದಿರುವ ಕೂದಲನ್ನು ಒಂದೊಂದಾಗಿ ಎಣಿಸಬಹುದು. ತಪ್ಪು ನನ್ನದೇ. ಗೋಪಿ ವೃತ್ತದಿಂದ ಮನೆಗೆ ಎಷ್ಟು ಮಹಾ ದೂರ ಎಂದುಕೊಂಡಿದ್ದೆ.

ನನ್ನ ತಕರಾರು ಅದೇ ಫೋಟೋದಲ್ಲಿ ನನ್ನ ಮುಂದೆ ನಿಂತಿರುವ ಬೈಕಿನ ಬಗ್ಗೆ. ಅದರ ಮೇಲೆ ಮೂವರು, ಮೂವರೂ ಬರಿದಲೆ. ನಂಬರ್ ಪ್ಲೇಟಿನ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದೆ. ಯಾವ ಸಂಖ್ಯೆ ಎಂದು ಓದುಗರಿಗೆ ಹೇಳಬೇಕಾಗಿಲ್ಲ: 6106, ಕೊಲೆ ಆರೋಪದಲ್ಲಿ ಜೈಲು ಸೇರಿದ ನಟ ದರ್ಶನ್‌ರ ಪರಪ್ಪನ ಅಗ್ರಹಾರದ ಖೈದಿ ಸಂಖ್ಯೆ. ನಮ್ಮ ಕ್ಯಾಮೆರಾಕ್ಕೆ ಸಾರಿಗೆ ಇಲಾಖೆ ಕೊಟ್ಟ ಸಂಖ್ಯೆ ಓದಲು ಬರುತ್ತದೆ, ಬಂದೀಖಾನೆ ಇಲಾಖೆ ಕೊಟ್ಟ ಸಂಖ್ಯೆ ಓದಲು ಬರುವುದಿಲ್ಲ. ಹಾಗಾಗಿ ಆ ಮೂವರು ಸುಖವಾಗಿ ಮುಂದೆ ಹೋದರು. ನಾನು ಸಿಕ್ಕಿಬಿದ್ದೆ.

ಸಿಕ್ಕಿಬಿದ್ದವನು ತಕ್ಷಣ ದಂಡ ಕಟ್ಟಿದರೆ ಅವನಷ್ಟು ದಡ್ಡ ಇನ್ನೊಬ್ಬನಿಲ್ಲ. ಆಷಾಢದಲ್ಲಿ ಸೀರೆ ಅಂಗಡಿಯವರು ಕೊಡುವ ಹಾಗೆ ನಮ್ಮ ಸರ್ಕಾರವೂ ದಂಡಕ್ಕೆ ಶೇಕಡ 50 ರಿಯಾಯಿತಿ ಕೊಡುತ್ತದೆ. 2023ರ ಫೆಬ್ರುವರಿಯಲ್ಲಿ ಕೊಟ್ಟಿತು. 2025ರ ಆಗಸ್ಟ್ ಕೊನೆಯಲ್ಲಿ ಮತ್ತೆ ಕೊಟ್ಟಿತು. ಅಂದರೆ ತಪ್ಪು ಮಾಡಿ ಸುಮ್ಮನೆ ಕುಳಿತವನಿಗೆ ಅರ್ಧ ಬೆಲೆ, ತಪ್ಪು ಮಾಡಿ ನಾಚಿಕೊಂಡವನಿಗೆ ಪೂರ್ತಿ ಬೆಲೆ. ನಾನು ನಾಚಿಕೆಯ ಪೈಕಿ.

ಇದೇ ಹೊತ್ತಿಗೆ ಏಳನೆಯ ತರಗತಿಯ ಮೊಮ್ಮಗ ಒಂದು ಚೀಟಿ ಹಿಡಿದುಕೊಂಡು ಬಂದ. ಶಾಲೆಯಲ್ಲಿ ಚರ್ಚಾ ಸ್ಪರ್ಧೆ. ವಿಷಯ: ‘ಸೂಪರ್‌ಹೀರೋಗಳು ಕಾನೂನಿಗೆ ಅತೀತರಾಗಿರಬೇಕೇ?’ ನಮ್ಮ ಕಾಲದಲ್ಲಿ ‘ಹಳ್ಳಿ ಮೇಲೋ ಪಟ್ಟಣ ಮೇಲೋ’ ಎಂಬುದೊಂದೇ ವಿಷಯವಿತ್ತು. ಯಾವ ಕಡೆ ಮಾತನಾಡಿದರೂ ಕೊನೆಗೆ ಹಳ್ಳಿಯೇ ಗೆಲ್ಲುತ್ತಿತ್ತು. ಇವನಿಗೆ ಚೀಟಿಯಲ್ಲಿ ‘ಪರ’ ಬಂದಿತ್ತು.

“ಅಜ್ಜಾ, ಪರವಾಗಿ ನಾಲ್ಕು ಪಾಯಿಂಟ್ ಹೇಳಿ.”

500 ರೂಪಾಯಿಯ ಬಿಸಿಯಲ್ಲಿದ್ದೆ. ನಾಲ್ಕೇನು, ನಲವತ್ತು ಹೇಳುತ್ತೇನೆ, ಬರೆದುಕೋ ಎಂದೆ.

ಮೊದಲನೆಯದಾಗಿ, ಕಾನೂನಿನ ಒಳಗೆ ಇಟ್ಟರೆ ಆ ಬಡಪಾಯಿಗಳು ಮಲೆನಾಡಿನಲ್ಲಿ ಒಂದು ದಿನವೂ ಬದುಕಲಾರರು. ಸೂಪರ್‌ಮ್ಯಾನ್‌ನನ್ನೇ ತೆಗೆದುಕೊಳ್ಳಿ. 1938ರಲ್ಲಿ ಅಮೆರಿಕದ ಕಾಮಿಕ್ಸ್ ಪುಟದಲ್ಲಿ ಕಾಣಿಸಿಕೊಂಡವನು, ಬೇರೆ ಗ್ರಹದಿಂದ ಬಂದ ಕೂಸು. ರೈತ ದಂಪತಿ ಎತ್ತಿಕೊಂಡು ಸಾಕಿದರು. ಆ ರಾಕೆಟ್ಟು ಹೊಸನಗರದ ಯಾವುದೋ ಅಡಿಕೆ ತೋಟದಲ್ಲಿ ಬಿದ್ದಿದ್ದರೆ? ಜನನ ಪ್ರಮಾಣಪತ್ರವಿಲ್ಲ. ಆಧಾರ್ ಇಲ್ಲ. ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಹುಟ್ಟೂರಿನ ಗ್ರಾಮ ಲೆಕ್ಕಿಗರ ವರದಿ ತನ್ನಿ ಎನ್ನುತ್ತಾರೆ. ಹುಟ್ಟೂರು ಸಿಡಿದು ಚೂರಾಗಿದೆ ಸ್ವಾಮಿ ಎಂದರೆ, ಚೂರಾದದ್ದಕ್ಕೆ ದೃಢೀಕರಣ ತನ್ನಿ ಎನ್ನುತ್ತಾರೆ. ಇನ್ನು ರಾಕೆಟ್ಟು ಬಿದ್ದ ಜಾಗ ಕಂದಾಯದ್ದೋ ಅರಣ್ಯದ್ದೋ ಎಂದು ಜಂಟಿ ಸರ್ವೆ ಆಗಬೇಕು. ಸರ್ವೆ ಮುಗಿಯುವಷ್ಟರಲ್ಲಿ ಕೂಸಿಗೆ ವೃದ್ಧಾಪ್ಯ ವೇತನದ ವಯಸ್ಸಾಗಿರುತ್ತದೆ.

ಬ್ಯಾಟ್‌ಮ್ಯಾನ್‌ನ ಕಥೆ ಇನ್ನೂ ಕಷ್ಟ. ರಾತ್ರಿ ಮುಸುಕು ಹಾಕಿಕೊಂಡು ಕಳ್ಳರನ್ನು ಬಡಿದು, ಕಟ್ಟಿ, ಠಾಣೆಯ ಮುಂದೆ ಬಿಸಾಡಿ ಹೋಗುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಬೆಳಿಗ್ಗೆ ಠಾಣೆಯ ರೈಟರ್ ತಲೆ ಮೇಲೆ ಕೈಹೊತ್ತು ಕುಳಿತಿರುತ್ತಾನೆ. ದೂರುದಾರ ಯಾರು? ಮಹಜರಿಗೆ ಪಂಚರು ಯಾರು? ಸಾಮಾನ್ಯ ಪ್ರಜೆಯೂ ಒಬ್ಬನನ್ನು ಬಂಧಿಸಬಹುದು, ಇಲ್ಲವೆಂದಲ್ಲ. ಆದರೆ ಜಾಮೀನಿಲ್ಲದ ಗಂಭೀರ ಅಪರಾಧ ಅವನ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ಹಿಡಿದವನು ಘೋಷಿತ ಅಪರಾಧಿಯಾಗಿರಬೇಕು. ಹೊಸ ಕಾನೂನಿನಂತೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೂ ಬೇಕು. ಒಪ್ಪಿಸಿದ ಮೇಲೆ ನ್ಯಾಯಾಲಯಕ್ಕೆ ಬಂದು, ಮುಸುಕು ತೆಗೆದು, ಹೆಸರು, ತಂದೆಯ ಹೆಸರು, ವಾಸ ಎಲ್ಲವನ್ನೂ ಹೇಳಿ ಸಾಕ್ಷಿ ನುಡಿಯಬೇಕು. ಇವನು ಬರುವುದಿಲ್ಲ. ಮೂರನೆಯ ವಾಯಿದೆಗೆ ಕಳ್ಳರು ಖುಲಾಸೆ. ಸಾಲದ್ದಕ್ಕೆ ಅಪರಿಚಿತ ವ್ಯಕ್ತಿಯ ಮೇಲೆ ಹಲ್ಲೆಯ ಪ್ರತಿದೂರು. ಇವೆಲ್ಲ ರಗಳೆ ತಪ್ಪಬೇಕಾದರೆ ಅವನು ಕಾನೂನಿಗೆ ಅತೀತನಾಗಿರುವುದೇ ವಾಸಿ.

ಸ್ಪೈಡರ್‌ಮ್ಯಾನ್‌ಗೆ ಕಾನೂನಿನ ಕಾಟವೇ ಬೇಡ, ನಮ್ಮ ಮಳೆಯೇ ಸಾಕು. ಗೋಡೆ ಹತ್ತುವವನು ಆಗುಂಬೆಗೆ ಆಷಾಢದಲ್ಲಿ ಬಂದು ಪಾಚಿಗಟ್ಟಿದ ಕಾಂಪೌಂಡಿನ ಮೇಲೆ ಕೈಯಿಟ್ಟು ನೋಡಲಿ. ಅವನ ಆ ಮೈಗಂಟಿದ ಅಂಗಿ ಒಮ್ಮೆ ನೆನೆದರೆ ಎಂಟು ದಿನ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಗಳಕ್ಕೆ ಹಾಕಿದರೆ ಹೊಗೆವಾಸನೆ. ಲೋಕರಕ್ಷಣೆಗೆ ಹಾರಿ ಬಂದವನ ಮೈ ಹೊಗೆಯಟ್ಟದ ಹಲಸಿನ ಹಪ್ಪಳದಂತೆ ನಾರುತ್ತಿದ್ದರೆ ಖಳನಾಯಕ ಹೆದರುತ್ತಾನೆಯೇ?

ಮತ್ತೆ ಬೆನ್ನಿಗೆ ಬಟ್ಟೆ ಇಳಿಬಿಟ್ಟುಕೊಂಡು ತಿರುಗುವುದೇನು ಹೊಸ ಸಂಗತಿಯೇ? ನಮ್ಮಜ್ಜ ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಯಂಚಿನಲ್ಲಿ ನಡೆಯುತ್ತಿದ್ದದ್ದೂ ಅದೇ ವೇಷವೇ. ಚಡ್ಡಿಯನ್ನು ಮಾತ್ರ ಒಳಗೆ ಹಾಕಿಕೊಳ್ಳುತ್ತಿದ್ದ.

ಮರದಿಂದ ಮರಕ್ಕೆ ಹಾರುವುದನ್ನು ನೋಡಬೇಕೆಂದರೆ ಕೊಳೆರೋಗದ ಕಾಲದಲ್ಲಿ ಬನ್ನಿ. ನಮ್ಮ ತೋಟಕ್ಕೆ ಬರುವ ಕೊನೆಗಾರ ಐವತ್ತು ಅಡಿಯ ಅಡಿಕೆಮರದ ತುದಿಯಲ್ಲಿ ಕುಳಿತು, ಮರವನ್ನು ಬಿಲ್ಲಿನಂತೆ ತೂಗಿ ಪಕ್ಕದ ಮರವನ್ನು ಹಿಡಿಯುತ್ತಾನೆ. ಕೆಳಗೆ ಇಳಿಯದೆಯೇ ಸಾಲು ಸಾಲು ಮರ ಮುಗಿಸುತ್ತಾನೆ. ಮೈಲುತುತ್ತ ಸುಣ್ಣದ ದ್ರಾವಣ ಮೈಮೇಲೆಲ್ಲ ಸುರಿದು ಅವನು ನೀಲಿ ಬಣ್ಣಕ್ಕೆ ತಿರುಗಿರುತ್ತಾನೆ. ವೇಷಭೂಷಣದ ಖರ್ಚೂ ಇಲ್ಲ. ಹೋದ ವರ್ಷ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಅವನ ನಂಬರನ್ನು ಯಾರೂ ಬೈಕಿಗೆ ಅಂಟಿಸಿಕೊಳ್ಳಲಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗ ಬರೆಯುವುದನ್ನು ನಿಲ್ಲಿಸಿದ್ದ. “ಅಜ್ಜಾ, ಇದು ಪರವೋ ವಿರೋಧವೋ?”

ನನಗೂ ಗೊತ್ತಾಗಲಿಲ್ಲ. ಮಾತು ಬದಲಿಸಿ ಹನುಮಂತನಿಗೆ ಹೋದೆ. ನಮ್ಮ ಕಡೆ ಹಾರುವ ವೀರ ಎಂದರೆ ಮೊದಲು ಅವನೇ. ಲಂಕೆಯಲ್ಲಿ ಇಂದ್ರಜಿತು ಬ್ರಹ್ಮಾಸ್ತ್ರ ಬಿಟ್ಟಾಗ ಅವನು ಕಿತ್ತುಕೊಂಡು ಹೋಗಬಹುದಿತ್ತು, ವರವೂ ಇತ್ತು. ಆದರೂ ಬ್ರಹ್ಮನ ಮಾತಿಗೆ ಮರ್ಯಾದೆ ಕೊಟ್ಟು ಕಟ್ಟಿಸಿಕೊಂಡ. ರಾಕ್ಷಸರು ಬುದ್ಧಿಯಿಲ್ಲದೆ ಮೇಲಿಂದ ಹಗ್ಗವನ್ನೂ ಬಿಗಿದಾಗ ಅಸ್ತ್ರ ತಾನಾಗಿ ಬಿಟ್ಟುಹೋಯಿತು. ಆಮೇಲೂ ಅವನು ಓಡಲಿಲ್ಲ, ಹಗ್ಗದೊಂದಿಗೇ ರಾವಣನ ಆಸ್ಥಾನಕ್ಕೆ ನಡೆದ. ಅಲ್ಲಿ ವಿಭೀಷಣ ಎದ್ದು ‘ದೂತನನ್ನು ಕೊಲ್ಲುವಂತಿಲ್ಲ’ ಎಂದು ನಿಯಮ ತೆಗೆದ. ಊರು ಸುಟ್ಟದ್ದು ಸಾರ್ವಜನಿಕ ಆಸ್ತಿ ಹಾನಿಯಲ್ಲವೇ ಎಂದು ಕೇಳಬಹುದು. ಬೆಂಕಿ ಹಚ್ಚಿದವರು ರಾವಣನ ಕಡೆಯವರೇ, ಬಾಲ ಮಾತ್ರ ಇವನದು. ಅಷ್ಟಾದರೂ ಸುಟ್ಟ ಮೇಲೆ ಸೀತೆಗೆ ಏನಾಯಿತೋ ಎಂದು ಗಾಬರಿಬಿದ್ದು ತನ್ನ ಸಿಟ್ಟನ್ನು ತಾನೇ ಶಪಿಸಿಕೊಂಡ.

ಶಪಿಸಿಕೊಳ್ಳುವ ಆ ಗುಣ ಈಗಿನ ವೀರರಲ್ಲಿ ಕಾಣುವುದಿಲ್ಲ. ಜಾಮೀನು ಸಿಕ್ಕಿದರೆ ಖುಲಾಸೆಯೇ ಆದಂತೆ ತೆರೆದ ಜೀಪು ಬರುತ್ತದೆ, ಸೇಬಿನ ಹಾರ ಎತ್ತಲು ಕ್ರೇನ್ ಬರುತ್ತದೆ. ವೃತ್ತದಲ್ಲಿ ಆಂಬುಲೆನ್ಸ್ ನಿಂತಿರುತ್ತದೆ. ಜೈಲಿನ ಅಂಗಳದಲ್ಲಿ ಕುರ್ಚಿ, ಕೈಯಲ್ಲಿ ಸಿಗರೇಟು, ಕಾಫಿ ಮಗ್ಗು: 2024ರ ಆಗಸ್ಟ್‌ನ ದರ್ಶನ್‌ರ ಆ ಫೋಟೋ ನೋಡಿ ನಾನು ಗಾಬರಿಯಾದದ್ದು ಜೈಲನ್ನು ಕಂಡಲ್ಲ, ಅದರ ಕೆಳಗೆ ಜನ ಹಾಕಿದ್ದ ಹೃದಯದ ಚಿಹ್ನೆಗಳನ್ನು ಕಂಡು. ಒಂದು ಕೂಸಿಗೆ ಖೈದಿಯ ಬಟ್ಟೆ ತೊಡಿಸಿ ಫೋಟೋ ತೆಗೆಸಿದ ತಂದೆತಾಯಿಯೂ ಇದ್ದರು. ಆರೋಪ ಸಾಬೀತಾಗುವವರೆಗೆ ಆರೋಪಿ ಆರೋಪಿಯೇ, ಅದನ್ನು ನ್ಯಾಯಾಲಯ ನೋಡಿಕೊಳ್ಳುತ್ತದೆ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಆ ನಟನ ಜಾಮೀನು ರದ್ದು ಮಾಡಿ, ಕಾನೂನಿಗಿಂತ ಮೇಲೆ ಯಾರೂ ಇಲ್ಲ ಎಂದು ಹೇಳಿತು. ದೆಹಲಿಯಿಂದ ಹೇಳಿಸಿಕೊಳ್ಳಬೇಕಾಯಿತಲ್ಲ ಎಂಬುದೇ ನನ್ನ ಸಂಕಟ. ಏಕೆಂದರೆ ನಾವು ಮಲೆನಾಡಿನವರು, ತಾಳಮದ್ದಳೆ ಕೇಳಿ ಬೆಳೆದವರು.

ವಾಲಿವಧೆಯ ಪ್ರಸಂಗ ನೆನಪಿಸಿಕೊಳ್ಳಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯ, ಮದ್ದಳೆ, ಎದುರುಬದುರು ಕುಳಿತ ಇಬ್ಬರು ಅರ್ಥಧಾರಿಗಳು. ಬಾಣ ತಾಗಿ ವಾಲಿ ನೆಲಕ್ಕೆ ಬಿದ್ದ. ಬಿದ್ದವನು ಸಾಯಬೇಕಲ್ಲ? ಸಾಯುವುದಿಲ್ಲ; ಒಂದೂವರೆ ಗಂಟೆ ಪಾಟೀಸವಾಲು ಹಾಕುತ್ತಾನೆ. ನಾನು ಇನ್ನೊಬ್ಬನೊಡನೆ ಹೋರಾಡುತ್ತಿದ್ದಾಗ ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ನಿನ್ನ ಊರಿಗೆ ಬಂದು ನಾನು ಏನು ಹಾಳು ಮಾಡಿದ್ದೆ? ಹೆಂಡತಿಯನ್ನು ಹುಡುಕಿಸಬೇಕಾಗಿದ್ದರೆ ನನ್ನನ್ನೇ ಕೇಳಬಹುದಿತ್ತಲ್ಲ, ಒಂದೇ ದಿನದಲ್ಲಿ ತಂದುಕೊಡುತ್ತಿದ್ದೆನಲ್ಲ? ರಾಮ ಉತ್ತರ ಕೊಡಬೇಕು. ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದಕ್ಕೆ ಇದು ದಂಡನೆ ಎನ್ನುತ್ತಾನೆ. ದಂಡಿಸಲು ನೀನು ಯಾರು ಎಂಬುದು ವಾಲಿಯ ಮರುಪ್ರಶ್ನೆ. ಈ ಭೂಮಿಯೆಲ್ಲ ಇಕ್ಷ್ವಾಕುಗಳದು, ಭರತನ ಆಜ್ಞೆಯಂತೆ ನಡೆದೆ ಎಂದು ರಾಮ ಸರಹದ್ದಿನ ವಾದ ತೆಗೆಯುತ್ತಾನೆ. ರಾತ್ರಿ ಎರಡು ಗಂಟೆ. ಕವಳ ಹಾಕಿಕೊಂಡು ಕುಳಿತ ಹಿರಿಯರು ‘ಹ್ಞೂಂ, ಇದಕ್ಕೆ ಉತ್ತರ ಬರಲಿ’ ಎಂದು ಮುಂದಕ್ಕೆ ಬಾಗುತ್ತಾರೆ. ಮನೆಯ ದೇವರಕೋಣೆಯಲ್ಲಿ ಅದೇ ರಾಮನ ಪಟವಿದೆ, ಬೆಳಿಗ್ಗೆ ಎದ್ದು ಅವನಿಗೇ ಹೂವಿಡುವವರು. ಆದರೂ ಆ ರಾತ್ರಿ ಅವನು ಜವಾಬು ಹೇಳದೆ ಎದ್ದುಹೋಗುವಂತಿಲ್ಲ. ಉತ್ತರ ಸಪ್ಪೆಯಾದರೆ ಮಾರನೆಯ ದಿನ ಕಾಫಿಯ ಹೊತ್ತಿಗೆ ‘ನಿನ್ನೆ ರಾಮ ಸೋತ’ ಎಂದು ರಾಜಾರೋಷವಾಗಿ ಹೇಳುತ್ತಾರೆ.

ದೇವರನ್ನು ಇಡೀ ರಾತ್ರಿ ಕಟಕಟೆಯಲ್ಲಿ ನಿಲ್ಲಿಸಿದ ಮಂದಿ ನಾವು. ಈಗ ಒಬ್ಬ ನಟನಿಗೋ ಸ್ಥಳೀಯ ಪುಢಾರಿಗೋ ‘ಯಾಕಪ್ಪಾ ಹೀಗೆ ಮಾಡಿದೆ’ ಎಂದು ಒಂದು ಸಾಲು ಬರೆದರೆ, ಬೆಳಗಾಗುವುದರೊಳಗೆ ಇನ್ನೂರು ಹುಡುಗರು ನಮ್ಮ ಮನೆಯ ಹೆಂಗಸರ ಬಗ್ಗೆ ಬರೆದಿರುತ್ತಾರೆ.

ಸಂವಿಧಾನದ 361ನೆಯ ವಿಧಿಯಲ್ಲಿ ರಾಷ್ಟ್ರಪತಿ, ರಾಜ್ಯಪಾಲರಿಗೆ ಅಧಿಕಾರಾವಧಿಯಲ್ಲಿ ಕ್ರಿಮಿನಲ್ ಮೊಕದ್ದಮೆಯಿಂದ ರಕ್ಷಣೆ ಕೊಟ್ಟಿದೆ. ಪಟ್ಟಿ ಅಲ್ಲಿಗೆ ಮುಗಿಯಿತು. ಉಳಿದ ಹೆಸರುಗಳನ್ನೆಲ್ಲ ಸೇರಿಸಿಕೊಂಡವರು ನಾವೇ.

ನಗು ಇಷ್ಟು ಹೊತ್ತಿಗೆ ಸಾಕಾಗುತ್ತದೆ. ಸಾಗರ, ಹೊಸನಗರದ ಕಡೆಯವರಿಗೆ ಗೊತ್ತಿರುವ ಮಾತನ್ನೇ ಹೇಳುತ್ತೇನೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಮನೆ, ಗದ್ದೆ, ತೋಟ, ದೇವಸ್ಥಾನ ಬಿಟ್ಟು ಲಾರಿ ಹತ್ತಿದವರಿದ್ದಾರೆ. ರಾಜ್ಯಕ್ಕೆ ಬೆಳಕು ಬರಲಿ ಎಂದು ಅವರ ಕೈಯಲ್ಲಿ ಹೇಳಿಸಿದರು. ಕಾಡಿನ ನಡುವೆ ಇಳಿಸಿ, ಇಲ್ಲಿ ಇರಿ ಎಂದರು. ಇದ್ದರು. ಆಮೇಲೆ ಅದೇ ಸರ್ಕಾರ ಬಂದು, ಇದು ಅರಣ್ಯ, ನೀವು ಒತ್ತುವರಿದಾರರು ಎಂದಿತು. ಅಜ್ಜ ಅರ್ಜಿ ಕೊಟ್ಟ, ಮಗ ಅರ್ಜಿ ಕೊಟ್ಟ, ಈಗ ಮೊಮ್ಮಗ ಅದೇ ಕಡತದ ನಕಲು ಹಿಡಿದು ಶಿವಮೊಗ್ಗದ ಬಸ್ಸು ಹತ್ತುತ್ತಾನೆ. ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ 2025ರ ಜುಲೈ 14ರಂದು ತೆರೆಯಿತು, ಲಾಂಚಿಗೆ ಕಾಯುವುದು ತಪ್ಪಿತು, ಸಂತೋಷ. ಹಕ್ಕುಪತ್ರಕ್ಕೆ ಕಾಯುವುದು ಇನ್ನೂ ಎಷ್ಟೋ ಮನೆಗಳಿಗೆ ತಪ್ಪಿಲ್ಲ. ಈ ಜನ ಕಾನೂನಿಗಿಂತ ಮೇಲೆ ಇರುತ್ತೇವೆ ಎಂದು ಯಾವತ್ತೂ ಕೇಳಿಲ್ಲ. ಕಾನೂನಿನ ಒಳಗೆ ಒಂದಿಷ್ಟು ಜಾಗ ಕೊಡಿ ಎಂದು ಅರವತ್ತು ವರ್ಷದಿಂದ ಕೇಳುತ್ತಿದ್ದಾರೆ. ಅವರಿಗೆ ಅರ್ಧ ಬೆಲೆಯ ರಿಯಾಯಿತಿಯ ಯಾವ ತಿಂಗಳೂ ಬರಲಿಲ್ಲ.

ಇದನ್ನು ಮೊಮ್ಮಗನಿಗೆ ಹೇಳಲಿಲ್ಲ. ಏಳನೆಯ ತರಗತಿಗೆ ಇದು ಜಾಸ್ತಿ. ಹನುಮಂತನನ್ನೂ ವಾಲಿಯನ್ನೂ ಬರೆದುಕೊಂಡ. ‘ಪರ’ ಎಂಬ ಚೀಟಿಯನ್ನು ಗೆಳೆಯನೊಡನೆ ಬದಲಿಸಿಕೊಂಡು ‘ವಿರೋಧ’ ತಂದ. ಮೂರು ದಿನ ಕನ್ನಡಿಯ ಮುಂದೆ ನಿಂತು ಉರು ಹೊಡೆದ.

ಸ್ಪರ್ಧೆಯ ದಿನ ನಾನೂ ಹೋಗಿದ್ದೆ, ಹೆಲ್ಮೆಟ್ ಹಾಕಿಕೊಂಡು. ಮುಖ್ಯ ಅತಿಥಿಗಳು ಎರಡೂಕಾಲು ಗಂಟೆ ತಡವಾಗಿ ಬಂದರು. ಸ್ವಾಗತಗೀತೆಯ ಹುಡುಗಿಯರು ಬಿಸಿಲಿನಲ್ಲಿ ಬಾಡಿ ಶ್ರುತಿ ಬಿಟ್ಟಿದ್ದರು. ಮಾಲೆ, ಶಾಲು, ಹಾಳೆಟೋಪಿ, ಅತಿಥಿಗಳ ಭಾಷಣ ಎಲ್ಲ ಮುಗಿದ ಮೇಲೆ ಸಮಯದ ಅಭಾವದಿಂದ ಸ್ಪರ್ಧಿಗಳಿಗೆ ಐದು ನಿಮಿಷದ ಬದಲು ಎರಡು ನಿಮಿಷ ಎಂದು ಮೈಕಿನಲ್ಲಿ ಹೇಳಿದರು. ಮೊಮ್ಮಗ ಹನುಮಂತನನ್ನು ಚೆನ್ನಾಗಿಯೇ ದಾಟಿಸಿದ. ವಾಲಿ ನೆಲಕ್ಕೆ ಬಿದ್ದು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಮೂರನೆಯ ಬಹುಮಾನ ಬಂತು. ಒಂದು ಪ್ಲಾಸ್ಟಿಕ್ ನೀರಿನ ಬಾಟಲಿ. ಮೇಲೆ ಸ್ಪೈಡರ್‌ಮ್ಯಾನ್ ಚಿತ್ರವಿದೆ, ಮುಚ್ಚಳ ಸೋರುತ್ತದೆ.