ಚಾಲಿ, ರಾಶಿ, ಸರ್ವಿಸ್ ಗ್ರೇಡ್

ಅಟ್ಲಾಂಟಾದಿಂದ ಪಶ್ಚಿಮಕ್ಕೆ ಇಂಟರ್‌ಸ್ಟೇಟ್ 20 ಹಿಡಿದು ಒಂದೂವರೆ ಗಂಟೆ ಹೋದರೆ ಅಲಬಾಮಾದ ಆನಿಸ್ಟನ್ ಸಿಗುತ್ತದೆ. ರಾಜ್ಯದ ಗಡಿ ದಾಟಿದೊಡನೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಸರಿಯುತ್ತದೆ ಎಂಬುದು ಇಪ್ಪತ್ತು ವರ್ಷ ಇಲ್ಲಿದ್ದ ಮೇಲೂ ನನಗೆ ಹೊಳೆಯಲಿಲ್ಲ. ಬಾಗಿಲು ತೆರೆಯದ ಅಂಗಡಿಯ ಮುಂದೆ ಕಾರಿನಲ್ಲಿಯೇ ಕುಳಿತು ಫ್ಲಾಸ್ಕಿನ ಕಾಫಿ ಮುಗಿಸಿದೆ. ಅಷ್ಟರಲ್ಲಿ ಇನ್ನೂ ಏಳೆಂಟು ಜನ ಬಂದು ಸೇರಿದರು. ಹೆಚ್ಚಿನವರು ಅರವತ್ತು ದಾಟಿದವರು. ಒಬ್ಬೊಬ್ಬರ ಜೇಬಿನಲ್ಲೂ ಒಂದು ಸಣ್ಣ ಟಾರ್ಚು. ಹವಾಮಾನದ ಬಗ್ಗೆ ಎಷ್ಟು ಬೇಕಾದರೂ ಮಾತನಾಡುತ್ತಿದ್ದರು, ತಾವು ಏನನ್ನು ಹುಡುಕಿಕೊಂಡು ಬಂದಿದ್ದೇವೆ ಎಂದು ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಸಾಗರದ ಅಡಿಕೆ ಮಂಡಿಯಲ್ಲಿ ಟೆಂಡರಿನ ದಿನ ವ್ಯಾಪಾರಿಗಳು ನಿಲ್ಲುತ್ತಿದ್ದುದೂ ಹೀಗೆಯೇ.

ನಾನು ಹೋಗಿದ್ದು ಸೇನೆ ಬಳಸಿ ಬಿಟ್ಟ ಹಳೆಯ ರೈಫಲ್ ಒಂದನ್ನು ಕೊಳ್ಳಲು. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪಯ್ಯ ಕೇಳಿದ ಮೊದಲ ಪ್ರಶ್ನೆ, "ಅಲ್ಲಿಯೂ ಮಂಗನ ಕಾಟವೇ?" ಅಲ್ಲ ಎಂದೆ. "ಹಂದಿಯೇ?" ಅದೂ ಅಲ್ಲ ಎಂದ ಮೇಲೆ ಅವರು ಮಾತನ್ನು ಮಳೆಯ ಕಡೆಗೆ ತಿರುಗಿಸಿದರು. ಮಲೆನಾಡಿನ ತೋಟದವರಿಗೆ ಕೋವಿ ಎಂದರೆ ಬೆಳೆ ಕಾಯಲು ಪರವಾನಗಿ ಪಡೆದು ಅಟ್ಟದ ಮೇಲಿಟ್ಟ ಕೇಪಿನ ಕೋವಿ ಅಥವಾ ತೋಟಾ ಕೋವಿ. ಕಾಗದದ ಗುರಿಗೆ ಹೊಡೆಯಲು ಯಾರಾದರೂ ದುಡ್ಡು ಸುರಿಯುತ್ತಾರೆ ಎಂದರೆ ನಂಬುವುದು ಕಷ್ಟ.

ಇಲ್ಲಿ ಅದಕ್ಕೆ ಸರ್ಕಾರವೇ ಹಾಕಿಕೊಟ್ಟ ದಾರಿಯಿದೆ. ನಾಗರಿಕರಿಗೆ ಗುರಿ ಹಿಡಿಯುವುದನ್ನು ಕಲಿಸಬೇಕೆಂದು 1903ರಲ್ಲಿ ಶುರುವಾದ ಏರ್ಪಾಡು 1996ರಲ್ಲಿ ಕಾನೂನಿನ ಮೂಲಕ ಸೇನೆಯ ಕೈಯಿಂದ ಬೇರೆಯಾಗಿ, ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಯಿತು. ಸಿಎಂಪಿ ಎಂದೇ ಎಲ್ಲರೂ ಕರೆಯುತ್ತಾರೆ. ಆನಿಸ್ಟನ್ನಿನ ಆ ಅಂಗಡಿ ಅವರದೇ. ಕೊಳ್ಳುವವನು ಅಮೆರಿಕದ ಪ್ರಜೆಯಾಗಿರಬೇಕು, ಅವರಿಗೆ ಸೇರಿದ ಯಾವುದಾದರೂ ಕ್ಲಬ್ಬಿನ ಸದಸ್ಯನಾಗಿರಬೇಕು, ಹಿನ್ನೆಲೆ ತಪಾಸಣೆಯಲ್ಲಿ ಪಾಸಾಗಬೇಕು. ಅಲ್ಲಿ ಹೆಸರುವಾಸಿಯಾದ ಸರಕು ಎಂ1 ಗ್ಯಾರಂಡ್ ರೈಫಲ್: ಕೆನಡಾದಲ್ಲಿ ಹುಟ್ಟಿದ ಜಾನ್ ಗ್ಯಾರಂಡ್ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ರೂಪಿಸಿದ್ದು, 1936ರಲ್ಲಿ ಅಮೆರಿಕದ ಸೇನೆ ಒಪ್ಪಿಕೊಂಡದ್ದು, ಎಂಟು ಗುಂಡಿನ ಕ್ಲಿಪ್ಪನ್ನು ಇಡಿಯಾಗಿ ನುಂಗಿ ಕೊನೆಯ ಗುಂಡು ಹಾರಿದಾಗ ಖಾಲಿ ಕ್ಲಿಪ್ಪನ್ನು ಠಣ್ ಎಂದು ಉಗುಳುವಂಥದ್ದು. 50 ಲಕ್ಷಕ್ಕೂ ಹೆಚ್ಚು ತಯಾರಾದವು. ಎರಡನೆಯ ಮಹಾಯುದ್ಧ, ಕೊರಿಯಾ ಎಲ್ಲ ಮುಗಿದ ಮೇಲೆ ಡೆನ್ಮಾರ್ಕ್, ಗ್ರೀಸ್, ಫಿಲಿಪ್ಪೀನ್ಸ್ ಸೇನೆಗಳ ಕೈಗೆ ಹೋಗಿ, ದಶಕಗಳ ನಂತರ ತವರಿಗೆ ಮರಳಿದವೂ ಇವುಗಳಲ್ಲಿವೆ.

ಹೀಗೆ ಬಂದ ಕೋವಿಗಳನ್ನು ಅವರು ವಿಂಗಡಿಸಿ ಗ್ರೇಡ್ ಕಟ್ಟುತ್ತಾರೆ. ಕೆಳಗಿನಿಂದ ಹೇಳುವುದಾದರೆ ರ‍್ಯಾಕ್, ಫೀಲ್ಡ್, ಸರ್ವಿಸ್. ಅದರ ಮೇಲೆ ಕರೆಕ್ಟ್, ಕಲೆಕ್ಟರ್. ಹೊಸ ನಳಿಗೆ, ಹೊಸ ಮರ ಹಾಕಿ ನವೀಕರಿಸಿದ್ದಕ್ಕೆ ಸ್ಪೆಷಲ್ ಎಂಬ ಬೇರೆ ಹೆಸರು. ಯಾವ ದಿನ ಯಾವುದು ದಾಸ್ತಾನಿನಲ್ಲಿರುತ್ತದೆ ಎಂಬುದು ಹೋದವರ ಅದೃಷ್ಟ.

ಇಲ್ಲಿರುವ ನಮ್ಮವರಲ್ಲಿ, ಅದರಲ್ಲೂ ನನ್ನಂತೆ ಸಾಫ್ಟ್‌ವೇರ್ ನಂಬಿ ಬಂದವರಲ್ಲಿ, ಒಂದು ಚಾಳಿಯಿದೆ. ಗ್ರೇಡ್ ಎಂದೊಡನೆ ಅದನ್ನು ಮೆಟ್ಟಿಲು ಎಂದುಕೊಂಡು, ಜೇಬು ತಾಳುವ ಅತಿ ಮೇಲಿನ ಮೆಟ್ಟಿಲಿನಲ್ಲಿ ನಿಂತುಬಿಡುತ್ತೇವೆ. ಶಾಲೆ, ಮನೆ, ವಾಷಿಂಗ್ ಮೆಷಿನ್ ಎಲ್ಲದಕ್ಕೂ ಇದೇ ಲೆಕ್ಕ. ಅಡಿಕೆ ಮನೆಯಲ್ಲಿ ಬೆಳೆದವನು ಈ ತಪ್ಪು ಮಾಡಬಾರದಿತ್ತು. ಚಾಲಿ, ರಾಶಿ ಎಂದರೆ ಒಂದು ಮೇಲು, ಇನ್ನೊಂದು ಕೀಳು ಎಂದಲ್ಲ. ಎಳೆಯ ಕಾಯನ್ನು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆಯ, ಅಂದರೆ ರಾಶಿಯ ದಾರಿ, ಹಣ್ಣಾಗಲು ಬಿಟ್ಟು ಬಿಸಿಲಿಗೆ ಹರಡಿದರೆ ಚಾಲಿಯ ದಾರಿ. ಕೊಳ್ಳುವವನು ಎಲ್ಲಿಗೆ, ಯಾತಕ್ಕೆ ಒಯ್ಯುತ್ತಾನೆ ಎಂಬುದರ ಮೇಲೆ ಬೆಲೆ. ಬಿಳಿಗೋಟು, ಕೆಂಪುಗೋಟು, ಸಿಪ್ಪೆಗೋಟು, ಕೋಕಾ ಎಂದು ಉಳಿದವಕ್ಕೂ ಗಿರಾಕಿ ಇದ್ದೇ ಇದ್ದಾನೆ.

ಸಿಎಂಪಿಯ ಏಣಿಯೂ ಒಳಗೆ ಎರಡಾಗಿ ಸೀಳಿದೆ; ಹೊರಗಿನಿಂದ ಒಂದೇ ಏಣಿಯಂತೆ ಕಾಣುತ್ತದೆ, ಅಷ್ಟೆ. ರ‍್ಯಾಕ್, ಫೀಲ್ಡ್, ಸರ್ವಿಸ್ ಇವು ಎಷ್ಟು ಸವೆದಿದೆ ಎಂದು ಹೇಳುವ ಗ್ರೇಡುಗಳು. ಕರೆಕ್ಟ್ ಎಂಬುದು ಅದರ ಜೊತೆಗೆ ಇನ್ನೇನನ್ನೋ ಹೇಳುತ್ತದೆ: ಬಿಡಿಭಾಗಗಳೆಲ್ಲ ಆ ಕಾಲಕ್ಕೆ, ಆ ಕಾರ್ಖಾನೆಗೆ ಸಲ್ಲುವಂಥವು ಎಂದು. ಸೇನೆಯಲ್ಲಿ ಈ ಕೋವಿಗಳು ಮತ್ತೆ ಮತ್ತೆ ರಿಪೇರಿ ಡಿಪೋಗೆ ಹೋಗುತ್ತಿದ್ದವು. ಅಲ್ಲಿ ಹತ್ತು ಕೋವಿ ಬಿಚ್ಚಿದರೆ ಬಿಡಿಭಾಗಗಳೆಲ್ಲ ಒಂದೇ ಬುಟ್ಟಿಗೆ. ಸ್ಪ್ರಿಂಗ್‌ಫೀಲ್ಡ್ ದೇಹಕ್ಕೆ ವಿಂಚೆಸ್ಟರ್ ಕಾರ್ಖಾನೆಯ ಬೋಲ್ಟು, 1943ರ ಮೈಗೆ 1950ರ ದಶಕದ ನಳಿಗೆ ಬಂದು ಕೂರುವುದು ಮಾಮೂಲು. ಗುಂಡು ಹಾರುವುದಕ್ಕೆ ಇದರಿಂದ ಬಾಧಕವೇ ಇಲ್ಲ. ಭಾಗಗಳ ಮೇಲಿನ ಸಂಖ್ಯೆ ಹೊಂದಿಸಿ ಜೋಡಿಸಿದ್ದಕ್ಕೆ ನೂರಾರು ಡಾಲರ್ ಹೆಚ್ಚು ಕೊಡುವವನು ಇತಿಹಾಸಕ್ಕೆ ಕೊಡುತ್ತಿದ್ದಾನೆ, ಗುರಿಗಲ್ಲ. ಕೊಡಬಾರದು ಎಂದು ನಾನು ಹೇಳುವುದಿಲ್ಲ. ಯಾತಕ್ಕೆ ಕೊಡುತ್ತಿದ್ದೇನೆ ಎಂದು ತಿಳಿದು ಕೊಟ್ಟರೆ ಸಾಕು.

ಇನ್ನು ಸವೆತ. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಒಂದೊಂದು ಕೋವಿಗೂ ಒಂದು ಚೀಟಿ, ಚೀಟಿಯಲ್ಲಿ ಎರಡು ಅಂಕಿ. ಒಂದು ಗಂಟಲಿನದು, ಇನ್ನೊಂದು ಮೂತಿಯದು. ಗಂಟಲು ಎಂದರೆ ಗುಂಡು ಕೂರುವ ಗೂಡಿನ ಮುಂದೆ, ನಳಿಗೆಯ ಒಳಗಿನ ತಿರುಗೆರೆ ಶುರುವಾಗುವ ಜಾಗ. ಪ್ರತಿ ಗುಂಡಿನ ಬೆಂಕಿಯೂ ಮೊದಲು ನೆಕ್ಕುವುದು ಅಲ್ಲಿಯೇ. ಅಲ್ಲಿನ ಅಂಕಿ ದೊಡ್ಡದಾದಷ್ಟೂ ಆ ಕೋವಿ ಹೆಚ್ಚು ಗುಂಡು ಕಂಡಿದೆ ಎಂದರ್ಥ. ಮೂತಿಯ ಕಥೆ ಬೇರೆ, ಮತ್ತು ನನಗೆ ಬಹಳ ಹಿಡಿಸಿದ್ದು ಅದೇ. ಗ್ಯಾರಂಡಿನ ರಚನೆ ಹೇಗಿದೆ ಎಂದರೆ ಹಿಂದಿನಿಂದ ನೇರವಾಗಿ ಸಲಾಕೆ ತೂರಿಸಲು ಬರುವುದಿಲ್ಲ. ಒರೆಸುವುದೆಲ್ಲ ಮೂತಿಯ ಕಡೆಯಿಂದಲೇ. ಆ ಕಾಲದ ಗುಂಡಿನಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರು ಉಪ್ಪು ಬಿಟ್ಟು ತುಕ್ಕು ಹಿಡಿಸುತ್ತಿದ್ದುದರಿಂದ ಸಿಪಾಯಿಗಳು ಹೊಡೆದ ದಿನವೇ ಒರೆಸಬೇಕಿತ್ತು. ಉಕ್ಕಿನ ಸಲಾಕೆ ಸಾವಿರಾರು ಬಾರಿ ಉಜ್ಜಿ ಮೂತಿಯ ಅಂಚನ್ನು ತಿಂದಿದೆ. ಅಂದರೆ ಒಂದು ಅಂಕಿ ಎಷ್ಟು ಹೊಡೆದರು ಎಂದು ಹೇಳಿದರೆ, ಇನ್ನೊಂದು ಎಷ್ಟು ಶ್ರದ್ಧೆಯಿಂದ ತೊಳೆದರು ಎಂದು ಹೇಳುತ್ತದೆ. ಗಂಟಲು ಚೆನ್ನಾಗಿದ್ದು ಮೂತಿ ಸವೆದ ಕೋವಿ ಕೈಗೆ ಬಂದಾಗ ನನಗೆ ಕಂಡದ್ದು ಹೆಚ್ಚು ಹೊಡೆಯದೆ ಬರೀ ಉಜ್ಜುತ್ತ ಕೂತ ಯಾವುದೋ ತರಬೇತಿ ಶಿಬಿರದ ಹುಡುಗ. ಗುರಿ ಕೆಡುವುದು ಮಾತ್ರ ಇವನಿಂದಲೇ ಹೆಚ್ಚು, ಏಕೆಂದರೆ ಗುಂಡು ನಳಿಗೆಯನ್ನು ಬಿಡುವ ಕೊನೆಯ ಕ್ಷಣದಲ್ಲಿ ಹಿಡಿತ ತಪ್ಪಿದರೆ ಅದನ್ನು ತಿದ್ದುವವರಿಲ್ಲ.

ಸರ್ವಿಸ್ ಗ್ರೇಡಿಗೆ ಅವರು ಹಾಕಿಕೊಂಡ ಮಿತಿ ಗಂಟಲು 5ರ ಒಳಗೆ, ಮೂತಿ 3ರ ಒಳಗೆ. ಫೀಲ್ಡ್ ಗ್ರೇಡಿನ ಸಾಲಿನಲ್ಲಿ ಕೈಯಾಡಿಸಿದರೆ ಈ ಮಿತಿಯೊಳಗೇ ಬರುವ ಎಷ್ಟೋ ಕೋವಿಗಳು ಸಿಗುತ್ತವೆ. ಅವು ಕೆಳಗಿಳಿದದ್ದು ಹೊರಗಿನ ಕುಳಿಗಳಿಗಾಗಿ, ಬಣ್ಣ ಹೋದದ್ದಕ್ಕಾಗಿ. ಇಲ್ಲಿಯೇ ನನ್ನ ತಕರಾರು. ಒಳಗಿನ ಸವೆತವನ್ನೂ ಹೊರಗಿನ ಚಂದವನ್ನೂ ಒಂದೇ ಹೆಸರಿನಲ್ಲಿ ಕಟ್ಟಿ ಮಾರಿದರೆ, ಹೆಸರನ್ನಷ್ಟೇ ಓದಿ ಅಂಚೆಯಲ್ಲಿ ತರಿಸುವವನು ತನಗೆ ಬೇಡದ್ದಕ್ಕೂ ದುಡ್ಡು ತೆರುತ್ತಾನೆ. ಮಂಡಿಯ ವ್ಯಾಪಾರಿ ಚೀಲದ ಬಾಯಲ್ಲಿರುವ ಅಡಿಕೆ ನೋಡಿ ದರ ಬರೆಯುವುದಿಲ್ಲ. ತೋಳು ಮೊಣಕೈವರೆಗೆ ಇಳಿಸಿ ತಳದಿಂದ ಒಂದು ಹಿಡಿ ತೆಗೆದು, ಅಂಗೈಯಲ್ಲಿ ಉರುಳಿಸಿ, ಅದರಲ್ಲೊಂದನ್ನು ಅಡಕತ್ತರಿಯಲ್ಲಿ ಸೀಳಿ ತಿರುಳು ನೋಡುತ್ತಾನೆ. ಅಪ್ಪಯ್ಯ ಪಕ್ಕದಲ್ಲಿ ನಿಂತು ಅವನ ಮುಖ ನೋಡುತ್ತಿದ್ದರು. ಬೆಲೆ ಗೊತ್ತಾಗುತ್ತಿದ್ದುದು ಆ ಮುಖದಿಂದ.

ಆನಿಸ್ಟನ್ನಿನ ಮುದುಕರ ಅಡಕತ್ತರಿ ಅವರ ಟಾರ್ಚು. ಅವರಲ್ಲೊಬ್ಬರು, ನಾನು ಚೀಟಿ ಓದುತ್ತಿದ್ದುದನ್ನು ಕಂಡು, ನಗುತ್ತ ನನ್ನ ಕೈಯಿಂದ ಕೋವಿ ತೆಗೆದುಕೊಂಡು ಸಿಬ್ಬಂದಿಯ ಅನುಮತಿ ಕೇಳಿದರು. ಟ್ರಿಗರ್ ಗಾರ್ಡನ್ನು ಹಿಂದಕ್ಕೆ ಎಳೆದು ಬಿಡಿಸಿದರು, ಅದು ಕೈಗೆ ಬಂತು; ಮರವನ್ನು ಮೇಲಿನಿಂದ ಒಮ್ಮೆ ತಟ್ಟಿದರು, ಅದೂ ಬಿಟ್ಟುಕೊಂಡಿತು. ಉಪಕರಣವೇ ಬೇಡ, ಕೋವಿ ಮೂರು ತುಂಡಾಗಿ ಮೇಜಿನ ಮೇಲೆ ಮಲಗಿತು. ಹೊರಗೆ ಕಾಣುವ ಉಕ್ಕು ಬೂದು ಹಸಿರು ಬಣ್ಣದಲ್ಲಿ ನುಣುಪಾಗಿತ್ತು. ಮರದೊಳಗೆ ಅಡಗಿದ್ದ ಭಾಗದಲ್ಲಿ ಮಾತ್ರ, ಗೆದ್ದಲು ಹತ್ತಿದ ತೊಲೆಯಂತೆ, ಉದ್ದಕ್ಕೂ ತುಕ್ಕಿನ ಕುಳಿ. ನೀರು ಮರದಲ್ಲಿ ಇಂಗಿ ಅಲ್ಲೇ ನಿಲ್ಲುತ್ತದಂತೆ. ಹೊಸ ಮರ ಹಾಕಿದ ಫೀಲ್ಡ್ ಗ್ರೇಡ್ ಕೋವಿಗಳು ನೋಡಲು ಚಂದ ಕಾಣುವುದು ಇದಕ್ಕೇ. ಹೊಸ ಸೀರೆಯುಟ್ಟವರ ವಯಸ್ಸು ಕೇಳಬಾರದು.

ಆದರೆ ಒಂದು ವಿಷಯದಲ್ಲಿ ನಾನು ಇವರಿಗೆ ಪೂರ್ತಿ ಅಂಕ ಕೊಡುತ್ತೇನೆ. ಹುಳುಕನ್ನು ಬರೆದು ಮಾರುತ್ತಾರೆ. ಮರದ ಕೆಳಗೆ ಕುಳಿ ಇರಬಹುದು, ಮರಕ್ಕೆ ಗೀರು ಇರಬಹುದು, ಬಣ್ಣಗಳು ಹೊಂದದಿರಬಹುದು ಎಂದು ಗ್ರೇಡಿನ ವಿವರಣೆಯಲ್ಲೇ ಇರುತ್ತದೆ. ಬೆಂಗಳೂರಿನಲ್ಲಿ ನಾನು ಕೊಂಡ ಮೊದಲ ಸೆಕೆಂಡ್ ಹ್ಯಾಂಡ್ ಕಾರಿಗೆ ಇದ್ದ ಗ್ರೇಡ್ ಒಂದೇ: "ಡಾಕ್ಟರು ಓಡಿಸಿದ ಗಾಡಿ ಸಾರ್, ಒಬ್ಬರೇ ಓನರ್." ಆ ಡಾಕ್ಟರು ಯಾವ ರಸ್ತೆಯಲ್ಲಿ ಓಡಿಸಿದ್ದರೋ, ಮೂರನೆಯ ತಿಂಗಳಿಗೆ ಕ್ಲಚ್ಚು ಹೋಯಿತು. ಹಾಗೆಂದು ಅಮೆರಿಕದಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರಲ್ಲ. ಬೇರೆ ದೇಶದ ಸೇನೆಗಳ ಸರಕನ್ನು ತರಿಸಿ ಮಾರುವ ಖಾಸಗಿ ವ್ಯಾಪಾರಿಗಳಲ್ಲಿ 'ಗುಡ್' ಎಂದರೆ ಕಷ್ಟಪಟ್ಟು ನಡೆಯುತ್ತದೆ ಎಂದು, 'ವೆರಿ ಗುಡ್' ಎಂದರೆ ಗುಡ್ ಎಂದು ಓದಿಕೊಳ್ಳಬೇಕು. ಸ್ವಲ್ಪ ಡಾಲರ್ ಹೆಚ್ಚು ಕೊಟ್ಟರೆ 'ಹ್ಯಾಂಡ್ ಸೆಲೆಕ್ಟ್', ಅಂದರೆ ರಾಶಿಯಲ್ಲಿ ಒಳ್ಳೆಯದನ್ನು ಆರಿಸಿ ಕಳಿಸುತ್ತಾರಂತೆ. ಗಿರಾಕಿಗಳೆಲ್ಲ ಹ್ಯಾಂಡ್ ಸೆಲೆಕ್ಟಿಗೇ ಕೊಟ್ಟರೆ ಕೊನೆಗೆ ಆರಿಸಲು ಉಳಿಯುವುದೇನು ಎಂದು ನಾನು ಒಬ್ಬನನ್ನು ಕೇಳಿದೆ. ಅವನಿಗೆ ನಗು ಬರಲಿಲ್ಲ.

ಇಂಥ ಒಂದು ಪ್ರದರ್ಶನ ಮಾರಾಟದಲ್ಲಿಯೇ ಇಶಾಪುರದ ರೈಫಲ್ ಕಂಡದ್ದು. ನಮ್ಮ ಬಂಗಾಳದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ, ಹಳೆಯ ಲೀ ಎನ್‌ಫೀಲ್ಡ್ ನಕ್ಷೆಯನ್ನೇ 7.62 ಮಿಲಿಮೀಟರ್ ಗುಂಡಿಗೆ ಒಗ್ಗಿಸಿ ಮಾಡಿದ್ದು. ಹಿಂದೆ ಬಿಟ್ಟು ಬಂದ ದೇಶದ ಸರಕು ಜಾರ್ಜಿಯಾದ ಮೇಜಿನ ಮೇಲೆ, ಆಮದುದಾರನ ಮುದ್ರೆ ಒತ್ತಿಸಿಕೊಂಡು ಮಲಗಿತ್ತು. ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾಯ್ದೆಯಿಂದ ಬಂದ ಮುದ್ರೆ ಅದು. ಸಂಗ್ರಾಹಕರ ಕಣ್ಣಿಗೆ ಅದೂ ಒಂದು ಕಳಂಕ. ನನಗೂ ಅಂಥದ್ದೇ ಒಂದು ಮುದ್ರೆ ಬಿದ್ದಿದೆ, ನೀಲಿ ಪಾಸ್‌ಪೋರ್ಟಿನಲ್ಲಿ.

ಆನಿಸ್ಟನ್ನಿನಲ್ಲಿ ನನ್ನ ಬುದ್ಧಿ ಜಾರಿದ್ದು ಗ್ರೇಡಿನಿಂದಲ್ಲ, ಹೆಸರಿನಿಂದ. ಬೇರೆಯಾಗಿ ನಿಲ್ಲಿಸಿದ್ದ, ಬೆಲೆಯೂ ಬೇರೆಯಾಗಿದ್ದ ಒಂದು ಕೋವಿಯ ಮೇಲೆ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಎಂದಿತ್ತು. ಟ್ರ್ಯಾಕ್ಟರ್ ಕಂಪನಿ! 1950ರ ದಶಕದಲ್ಲಿ ಇಂಡಿಯಾನಾದ ಇವಾನ್ಸ್‌ವಿಲ್‌ನಲ್ಲಿ ಅವರೂ ಗ್ಯಾರಂಡ್ ಮಾಡಿದ್ದರು. 1963ರಲ್ಲಿ ಮಹೀಂದ್ರಾದ ಜೊತೆ ಸೇರಿ ನಮ್ಮಲ್ಲಿ ಬಿ-275 ಟ್ರ್ಯಾಕ್ಟರ್ ತಂದವರೂ ಅವರೇ. ಊರಿನಲ್ಲಿ ನಾನು ಮಡ್‌ಗಾರ್ಡಿನ ಮೇಲೆ ಕುಳಿತು ಗೊಬ್ಬರದ ಜೊತೆ ತೋಟಕ್ಕೆ ಹೋಗುತ್ತಿದ್ದ ಟ್ರ್ಯಾಕ್ಟರ್ ಅದು. ಹತ್ತು ನಿಮಿಷ ಆ ಕೋವಿಯನ್ನು ಕೈಯಿಂದ ಇಳಿಸಲಿಲ್ಲ. ಚೀಟಿ ನೋಡಿದರೆ ಮೂತಿಯ ಅಂಕಿ ಪಕ್ಕದ ಸಾಲಿನ ಅಗ್ಗದ ಕೋವಿಗಳಿಗಿಂತ ದೊಡ್ಡದು. ಇಳಿಸಿದೆ. ಇಂದಿಗೂ ಒಮ್ಮೊಮ್ಮೆ ಕೊರೆಯುತ್ತದೆ.

ಕೊಂಡದ್ದು ಸ್ಪ್ರಿಂಗ್‌ಫೀಲ್ಡಿನದು, ಫೀಲ್ಡ್ ಗ್ರೇಡ್, ಮೂತಿ 1, ಗಂಟಲು 3. ನಳಿಗೆಯ ತುದಿಯಲ್ಲಿರುವ ಗ್ಯಾಸ್ ಸಿಲಿಂಡರ್ ಎಂಬ ಭಾಗದ ಬಣ್ಣ ಪೂರ್ತಿ ಹೋಗಿ ಬೆಳ್ಳಗಿದೆ, ಮೈಯ ಎಡಭಾಗದಲ್ಲಿ ಸಿಡುಬಿನ ಕಲೆಯಂಥ ಕುಳಿಗಳಿವೆ. ಉಳಿದ ದುಡ್ಡಿನಲ್ಲಿ ಗುಂಡು ಕೊಂಡೆ. ಕೊಳ್ಳುವವರು ಮರೆಯುವ ಲೆಕ್ಕ ಇದು: ಮೂರು ನಾಲ್ಕು ವರ್ಷ ಶನಿವಾರಗಳಂದು ಹೊಡೆದರೆ ಗುಂಡಿನ ಖರ್ಚು ಕೋವಿಯ ಬೆಲೆಯನ್ನು ಹಿಂದೆ ಹಾಕುತ್ತದೆ. ಬೇಟೆಗೆಂದು ಮಾರುವ ಬಿರುಸು ಗುಂಡು ಇದಕ್ಕೆ ಆಗುವುದಿಲ್ಲ, ಬೋಲ್ಟನ್ನು ಹಿಂದಕ್ಕೆ ತಳ್ಳುವ ಆಪರೇಟಿಂಗ್ ರಾಡ್ ಬಾಗುತ್ತದೆ. ಹಳೆಯ ಸೇನಾ ಅಳತೆಯ ಮೆದು ಗುಂಡೇ ಬೇಕು.

ಈ ಬುದ್ಧಿವಾದವನ್ನೆಲ್ಲ ಒಹಾಯೊದಲ್ಲಿರುವ ಗೆಳೆಯನಿಗೆ ಒಂದು ಗಂಟೆ ಫೋನಿನಲ್ಲಿ ಹೇಳಿದೆ. ಅವನು ಕೊಡಗಿನವನು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದಲೇ ವಿನಾಯಿತಿ ಇರುವ ಜನ, ಮಗು ಹುಟ್ಟಿದರೆ ಆಕಾಶಕ್ಕೆ ಗುಂಡು ಹಾರಿಸುವ ಮನೆತನ. ನಮ್ಮ ಮನೆಯಲ್ಲೋ ಪ್ರತಿ ಚುನಾವಣೆಗೂ ಕೋವಿಯನ್ನು ಠಾಣೆಗೆ ಒಪ್ಪಿಸಿ, ಪ್ರತಿ ಸಲವೂ ಒಂದು ಗ್ರೇಡ್ ಕೆಳಗಿಳಿದದ್ದನ್ನು ವಾಪಸು ತರುತ್ತಿದ್ದೆವು. ಎಲ್ಲ ಕೇಳಿಸಿಕೊಂಡ ಅವನು ಒಹಾಯೊದಲ್ಲೇ ಇರುವ ಸಿಎಂಪಿಯ ಕ್ಯಾಂಪ್ ಪೆರ್ರಿ ಅಂಗಡಿಗೆ ಹೋಗಿ ಕರೆಕ್ಟ್ ಗ್ರೇಡನ್ನೇ ತಂದ. ನನಗೆ ಹೊಡೆಯುವ ಕೋವಿ ಬೇಡ ಮಾರಾಯ, ನಮ್ಮ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ದಿನ ಮನೆಯ ನಡುವಿನ ನೆಲ್ಲಕ್ಕಿ ಬಾಡೆಯಲ್ಲಿ ಇಟ್ಟಂತೆ ಇಲ್ಲೂ ಒಂದನ್ನು ಇಡಬೇಕು, ಅದು ಪೂರ್ತಿ ತನ್ನದೇ ಮೈಯಲ್ಲಿರಬೇಕು ಎಂದ. ಅದಕ್ಕೆ ನನ್ನ ಅಂಕಿಗಳಲ್ಲಿ ಉತ್ತರವಿರಲಿಲ್ಲ.

ಸೆಪ್ಟೆಂಬರಿನಲ್ಲಿ ಅವನು ಫೋಟೊ ಕಳಿಸಿದ. ಆ ಹಬ್ಬಕ್ಕೆ ಕೋವಿಗೆ ಸಿಕ್ಕಿಸುವ ತೋಕ್ ಪೂ ಎಂಬ ಹೂವು ಸಿಗದೆ ಅಂಗಳದ ಯಾವುದೋ ಹೂವನ್ನು ಮೂತಿಗೆ ಸಿಕ್ಕಿಸಿದ್ದ. ಮೈಸೂರಿನವಳಾದ ಅವನ ಹೆಂಡತಿ ತನ್ನ ಮನೆಯ ರೂಢಿಯಂತೆ ಮರಕ್ಕೆ ಒಂದು ದಪ್ಪ ಕುಂಕುಮದ ಬೊಟ್ಟಿಟ್ಟಿದ್ದಳು. ಎಣ್ಣೆ ಕುಡಿದ ವಾಲ್‌ನಟ್ ಮರ ಅದು, ಬೊಟ್ಟು ಎರಡೇ ದಿನದಲ್ಲಿ ಒಳಗೆ ಇಳಿದಿದೆ. ಮರದ ಮೇಲಿನ ಮುದ್ರೆಗೆ ಪೆಟ್ಟಾಗದಂತೆ ಅದನ್ನು ತೆಗೆಯುವುದು ಹೇಗೆ ಎಂದು ಕೇಳಿದ್ದಾನೆ.