ಪೋಸ್ಟ್ ಆಮೇಲೆ ಹಾಕಿ, ಮೊದಲು ಉತ್ತರ ಕೊಡಿ

"ಬೆಲೆ ಎಷ್ಟು?" ಎಂದು ಕಾಮೆಂಟಿನಲ್ಲಿ ಕೇಳಿದವರಿಗೆ "ಇನ್‌ಬಾಕ್ಸ್ ನೋಡಿ" ಎಂದು ಬರೆಯುವ ವ್ಯಾಪಾರಿಗಳ ಮೇಲೆ ನನ್ನದೊಂದು ತಕರಾರಿದೆ.

ಕಾರಣ ಕೇಳಿದರೆ, ಬೆಲೆ ಬಹಿರಂಗವಾಗಿ ಹೇಳಿದರೆ ಎದುರಾಳಿಗೆ ಗೊತ್ತಾಗುತ್ತದೆ ಅನ್ನುತ್ತಾರೆ. ಎದುರಾಳಿಗೆ ಬೇಕಿದ್ದರೆ ಗಿರಾಕಿಯ ಹಾಗೆ ಒಂದು ಫೋನ್ ಮಾಡಿ ತಿಳಿದುಕೊಳ್ಳುತ್ತಾನೆ, ಅವನಿಗೇನು ಕಷ್ಟ? ಕಷ್ಟವಾಗುವುದು ಸುಮ್ಮನೆ ಓದಿಕೊಂಡು ಹೋಗುವವರಿಗೆ. ಕೇಳಿದವರು ಒಬ್ಬರು, ಅದೇ ಪ್ರಶ್ನೆ ಮನಸ್ಸಿನಲ್ಲಿಟ್ಟುಕೊಂಡು ಕಾಮೆಂಟ್ ಇಣುಕಿದವರು ಹತ್ತಾರು ಮಂದಿ. ಇನ್‌ಬಾಕ್ಸಿಗೆ ಬಂದು ಕೇಳುವಷ್ಟು ಪುರುಸೊತ್ತು ಅವರಿಗಿಲ್ಲ, ಕೆಲವರಿಗೆ ಸಂಕೋಚ ಬೇರೆ. ಬೆಲೆ ಸಿಗದವರು ಚೌಕಾಸಿಗೂ ಬರುವುದಿಲ್ಲ, ಮುಂದಿನ ಪೇಜಿಗೆ ಹೋಗುತ್ತಾರೆ.

ಚಿಕ್ಕಪುಟ್ಟ ವ್ಯಾಪಾರಗಳ ಪೇಜ್, ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ಕೆಲಸ. ಮಾಲೀಕರು ಮೊದಲು ವಿಚಾರಿಸುವುದು ತಿಂಗಳಿಗೆ ಎಷ್ಟು ಪೋಸ್ಟ್, ಎಷ್ಟು ರೀಲ್ಸ್, ಫಾಲೋವರ್ಸ್ ಎಷ್ಟು ಏರುತ್ತಾರೆ ಅಂತ. ಬಂದ ಮೆಸೇಜುಗಳಿಗೆ ಉತ್ತರ ಕೊಡೋದು ಯಾರು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಫಾಲೋವರ್ಸ್ ಲೆಕ್ಕಕ್ಕೆ ಈಗ ಅಂಥ ಬೆಲೆಯೂ ಉಳಿದಿಲ್ಲ. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಫೀಡ್‌ನಲ್ಲಿ ಗೆಳೆಯರು, ಮನೆಯವರ ಪೋಸ್ಟುಗಳಿಗೆ ಆದ್ಯತೆ ಎಂದು ಘೋಷಿಸಿತು. ಪೇಜುಗಳ ರೀಚ್, ಅಂದರೆ ಪೋಸ್ಟ್ ಎಷ್ಟು ಜನಕ್ಕೆ ಮುಟ್ಟುತ್ತದೆ ಅನ್ನುವ ಲೆಕ್ಕ, ಇಳಿಯಬಹುದು ಅಂತಲೂ ಆಗಲೇ ಹೇಳಿತ್ತು. ನೀವು ಹಾಕಿದ್ದು ಫಾಲೋ ಮಾಡಿದವರಿಗೆಲ್ಲ ಕಾಣುತ್ತದೆ ಅನ್ನುವುದು ಭ್ರಮೆ. ಲೋಗೊ ಅಂಟಿಸಿದ ಶುಭಾಶಯದ ಪೋಸ್ಟರುಗಳಂತೂ ಮಾಲೀಕರ ನೆಂಟರಿಂದ ಲೈಕ್ ಗಿಟ್ಟಿಸಿ ಅಲ್ಲೇ ಮಲಗುತ್ತವೆ. (ನಾನೂ ಅವನ್ನು ಮಾಡಿಕೊಡುತ್ತೇನೆ, ಬೇಡ ಅಂದರೆ ಕೇಳುವವರು ಯಾರು!)

ಕೊಳ್ಳಲು ಹೊರಟವರು ಫೀಡ್ ಜಾರಿಸುತ್ತಾ ಕೂರುವುದಿಲ್ಲ, ಹುಡುಕುತ್ತಾರೆ. ಅಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಗೂಗಲ್ ಹುಡುಕಾಟದಲ್ಲೂ ಮ್ಯಾಪಿನಲ್ಲೂ ನಿಮ್ಮ ವ್ಯಾಪಾರದ ವಿಳಾಸ, ಫೋನ್, ರಿವ್ಯೂ ತೋರಿಸುವ ಚೌಕ. 2021ರವರೆಗೆ ಗೂಗಲ್ ಮೈ ಬಿಸಿನೆಸ್ ಅನ್ನುತ್ತಿದ್ದರಲ್ಲ, ಅದೇ. ಹತ್ತಿರದ ವ್ಯಾಪಾರಗಳಲ್ಲಿ ಯಾವುದನ್ನು ಮೇಲೆ ತೋರಿಸಬೇಕು ಎನ್ನುವುದಕ್ಕೆ ಗೂಗಲ್ ಹೇಳುವ ಆಧಾರ ಮುಖ್ಯವಾಗಿ ಮೂರು: ಹುಡುಕಿದ್ದಕ್ಕೂ ನಿಮಗೂ ಇರುವ ಸಂಬಂಧ, ದೂರ, ನೀವು ಎಷ್ಟು ಹೆಸರುವಾಸಿ ಅನ್ನುವುದು. ಜಾಹೀರಾತು ಬೇರೆ ಮಾತು, ಈ ಸಾಲಿನಲ್ಲಿ ದುಡ್ಡು ಕೊಟ್ಟು ಮೇಲೇರುವಂತಿಲ್ಲ ಎಂದೂ ಅವರೇ ಬರೆದಿದ್ದಾರೆ. "ಗ್ಯಾರಂಟಿ ನಂಬರ್ ಒನ್" ಎಂದು ಫೋನ್ ಮಾಡುವವರು ಸಿಕ್ಕರೆ ಇದನ್ನು ಓದಿ ಹೇಳಿ. ನಿಮ್ಮ ಕೈಲಿರುವುದು ನಿಮ್ಮದು ಯಾವ ಬಗೆಯ ವ್ಯಾಪಾರ ಎನ್ನುವ ವಿಭಾಗ ಸರಿಯಾಗಿ ಆರಿಸುವುದು, ಬಾಗಿಲು ತೆರೆಯುವ ಮುಚ್ಚುವ ಹೊತ್ತು, ಎತ್ತುವ ಫೋನ್ ನಂಬರ್, ಇತ್ತೀಚಿನ ಫೋಟೊ. ಹೊತ್ತು, ನಂಬರುಗಳನ್ನು ತಿದ್ದಲು ಯಾರು ಬೇಕಾದರೂ ಗೂಗಲ್‌ಗೆ ಸಲಹೆ ಕಳಿಸಬಹುದು, ಹಾಗಾಗಿ ಆಗಾಗ ನೋಡುತ್ತಿರಬೇಕು. ರಜೆಯ ದಿನ "ತೆರೆದಿದೆ" ಎಂದು ತೋರಿಸಿ ಬಂದವರನ್ನು ಬೀಗದೆದುರು ನಿಲ್ಲಿಸಿದರೆ, ಅವರು ಹಿಂದಿರುಗಿ ಹೋಗುವ ಮುಂಚೆ ಅಲ್ಲೇ ನಿಂತು ಒಂದು ಸ್ಟಾರ್ ಒತ್ತುತ್ತಾರೆ.

ಸ್ಟಾರ್ ವಿಷಯ ಬಂತು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮೈಕೆಲ್ ಲೂಕಾ 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ಸಿಯಾಟಲ್ ನಗರದ ರೆಸ್ಟೋರೆಂಟುಗಳನ್ನು ತೆಗೆದುಕೊಂಡು, ಯೆಲ್ಪ್ ಎಂಬ ರಿವ್ಯೂ ಸೈಟಿನಲ್ಲಿ ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ. 5ರಿಂದ 9ರಷ್ಟು ಏರುತ್ತದೆ ಎಂದು ಕಂಡುಕೊಂಡರು. ಆದರೆ ಆ ಪರಿಣಾಮ ಕಂಡದ್ದು ಸ್ವತಂತ್ರವಾಗಿ ನಡೆಯುವ ರೆಸ್ಟೋರೆಂಟುಗಳಲ್ಲಿ, ದೊಡ್ಡ ಚೈನುಗಳಲ್ಲಲ್ಲ. ಚೈನಿನ ಹೆಸರು ಜನಕ್ಕೆ ಮೊದಲೇ ಗೊತ್ತು, ಗುರುತಿಲ್ಲದವರಿಗೇ ಬೇರೆಯವರ ಮಾತಿನ ಆಸರೆ ಬೇಕು. ಅಂದರೆ ರಿವ್ಯೂ ಹೆಚ್ಚು ದಕ್ಕುವುದು ಚಿಕ್ಕವರಿಗೇ.

ಇಷ್ಟು ಕೇಳಿದ ಕೂಡಲೇ ಕೆಲವರು ರಿವ್ಯೂ ಕೊಳ್ಳಲು ಹೊರಡುತ್ತಾರೆ. ಉಡುಗೊರೆ, ರಿಯಾಯಿತಿ ಕೊಟ್ಟು ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ, ಖುಷಿಯಾದವರನ್ನೇ ಆರಿಸಿ ಕೇಳುವುದೂ ವಿರುದ್ಧ. ಅಮೆರಿಕದಲ್ಲಿ 2024ರ ಅಕ್ಟೋಬರ್‌ನಿಂದ ಸುಳ್ಳು ರಿವ್ಯೂ ಮಾರುವುದು, ಕೊಳ್ಳುವುದು ದಂಡ ಬೀಳುವ ತಪ್ಪು. ನಿಯಮ ಬಿಡಿ, ಒಂದೇ ವಾರದಲ್ಲಿ ಬಂದ ಒಂದೇ ಧಾಟಿಯ "ಸೂಪರ್ ಸರ್ವಿಸ್"ಗಳನ್ನು ಓದುಗರು ವಾಸನೆಯಲ್ಲೇ ಹಿಡಿಯುತ್ತಾರೆ.

ನಾನಂತೂ ಯಾವ ವ್ಯಾಪಾರವಾದರೂ ಮೊದಲು ಒಂದು ಸ್ಟಾರಿನ ರಿವ್ಯೂಗಳನ್ನೇ ತೆರೆಯುತ್ತೇನೆ. ಬೈಗುಳಕ್ಕಿಂತ ಅದರ ಕೆಳಗಿನ ಉತ್ತರ ಹೆಚ್ಚು ಹೇಳುತ್ತದೆ. ಕೆಲವೆಡೆ ಮೌನ. ಕೆಲವೆಡೆ "ನೀವು ನಮ್ಮ ಗಿರಾಕಿಯೇ ಅಲ್ಲ" ಎಂಬ ಜಗಳ. ಇನ್ನು ಕೆಲವೆಡೆ "ನಿಮ್ಮ ಅನಿಸಿಕೆಗೆ ಧನ್ಯವಾದ, ನಿಮ್ಮ ತೃಪ್ತಿಯೇ ನಮ್ಮ ಗುರಿ" ಎಂದು ಎಲ್ಲರಿಗೂ ಅಂಟಿಸಿದ ಒಂದೇ ಚೀಟಿ, ಹೊಗಳಿದವರಿಗೂ ಅದೇ, ಉಗಿದವರಿಗೂ ಅದೇ. "ಆವತ್ತು ಡೆಲಿವರಿ ಎರಡು ದಿನ ತಡವಾದದ್ದು ನಿಜ, ಮುಂಚೆಯೇ ನಿಮಗೆ ತಿಳಿಸಬೇಕಿತ್ತು, ಹಣ ವಾಪಸ್ ಕಳಿಸಿದ್ದೇವೆ" ಎಂದು ಆದದ್ದನ್ನು ಹೆಸರಿಟ್ಟು ಹೇಳಿದ ಉತ್ತರ ಅಪರೂಪ. ಸಿಟ್ಟಾದವರು ವಾಪಸ್ ಬರದೇ ಇರಬಹುದು. ನಾಳೆ ಅದನ್ನು ಓದುವವರಿಗೆ ಮಾತ್ರ ಒಂದು ಧೈರ್ಯ ಬರುತ್ತದೆ: ಎಡವಟ್ಟಾದರೆ ಇವರು ಕೈ ಎತ್ತುವುದಿಲ್ಲ. ಐದು ಸ್ಟಾರುಗಳ ಸಾಲಿಗಿಂತ ನನಗೆ ಇಂಥ ಒಂದು ಉತ್ತರದ ಮೇಲೆ ನಂಬಿಕೆ ಜಾಸ್ತಿ.

ವಾಟ್ಸ್ಯಾಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ಸಲಕ್ಕೆ ಹಲವರಿಗೆ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟಿನ ಮೆಸೇಜ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮುಟ್ಟುತ್ತದೆ, ಆ ನಿಯಮವನ್ನು ಗೌರವಿಸಿ. ಕೇಳದೆ ಗ್ರೂಪಿಗೆ ಎಳೆದುಕೊಳ್ಳಬೇಡಿ. "ಶೀಘ್ರದಲ್ಲೇ ಸಂಪರ್ಕಿಸುತ್ತೇವೆ" ಎನ್ನುವ ಆಟೋ ರಿಪ್ಲೈ ಹಾಕಿಟ್ಟು ಮೂರು ದಿನ ಮಲಗುವುದಕ್ಕಿಂತ ಅದನ್ನು ಹಾಕದಿರುವುದೇ ಮೇಲು.

ಇನ್ನು ವೆಬ್‌ಸೈಟ್. ಫೇಸ್‌ಬುಕ್ ಇದೆಯಲ್ಲ, ಅದ್ಯಾಕೆ ಬೇಕು ಎನ್ನುವವರು 2021ರ ಅಕ್ಟೋಬರ್ 4 ನೆನಪಿಸಿಕೊಳ್ಳಿ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್ಯಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಬಂದ್. ಬಾಡಿಗೆ ಜಾಗದ ಹಣೆಬರಹ ಅಷ್ಟೇ. ಗೂಗಲ್ ತಾನೇ ಪುಕ್ಕಟೆ ಕೊಟ್ಟಿದ್ದ ಬಿಸಿನೆಸ್ ಪ್ರೊಫೈಲ್ ವೆಬ್‌ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ಮುಚ್ಚಿತು. ಸ್ವಂತ ಡೊಮೇನಿನಲ್ಲಿ, ಅಂದರೆ ನಿಮ್ಮದೇ ವೆಬ್ ವಿಳಾಸದಲ್ಲಿ, ಒಂದೇ ಪುಟ ಇದ್ದರೂ ಸಾಕು: ಏನು ಮಾರುತ್ತೀರಿ, ಬೆಲೆ, ಎಲ್ಲಿದ್ದೀರಿ, ಯಾರನ್ನು ಕೇಳಬೇಕು. ಮೊಬೈಲಿನಲ್ಲಿ ಬೇಗ ತೆರೆದುಕೊಳ್ಳಲಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಎನ್ನುವುದು ಗೂಗಲ್ ಇಟ್ಟ ಅಳತೆ. ಮುಖಪುಟದಲ್ಲಿ ತಾನಾಗಿ ಓಡುವ ಆ ದೊಡ್ಡ ವಿಡಿಯೊ ತೆಗೆದರೆ ಎಷ್ಟೋ ಸೈಟುಗಳು ಅಲ್ಲಿಗೇ ಚುರುಕಾಗುತ್ತವೆ.

ಹಾಗೇ ಇನ್ನೊಂದು. ಡೊಮೇನ್ ಯಾರ ಹೆಸರಲ್ಲಿದೆ, ಪೇಜಿನ ಅಡ್ಮಿನ್ ಯಾರು, ಗೂಗಲ್ ಪ್ರೊಫೈಲ್ ಯಾರ ಜಿಮೇಲ್‌ನಲ್ಲಿದೆ ಎಂದು ಇವತ್ತೇ ನೋಡಿಕೊಳ್ಳಿ. ಕೆಲಸ ಬಿಟ್ಟು ಹೋದ ಹುಡುಗನ ಹೆಸರಲ್ಲಿದ್ದರೆ, ಅವನು ಇನ್ನೂ ನಿಮ್ಮ ಫೋನ್ ಎತ್ತುತ್ತಿರುವಾಗಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.